ಎಂಎಸ್‌ಗೆ ಪಥ್ಯ ಏನು?

ಯಾವ ಕಾಯಿಲೆಯೇ ಇರಲಿ, ನಮ್ಮಲ್ಲಿ ಡಾಕ್ಟರ ಎದುರು ಕುಳಿತವರು ಏಳುವ ಮೊದಲು ಕೇಳಿಯೇ ಕೇಳುವ ಪ್ರಶ್ನೆ, ‘ಪಥ್ಯ ಏನು ಮಾಡಬೇಕು?’ ಎಂಬುದು. ಮಾತ್ರೆಯ ಹೆಸರು ಮರೆತೀತು, ಪಥ್ಯ ಮರೆಯುವುದಿಲ್ಲ. ಏನು ತಿನ್ನಬಾರದು, ಏನು ಮುಟ್ಟಬಾರದು, ಯಾವುದರಿಂದ ದೂರ ಇರಬೇಕು ಎಂಬ ಪಟ್ಟಿ ಸಿಕ್ಕಿದರೆ ಕಾಯಿಲೆ ಅಷ್ಟರಮಟ್ಟಿಗೆ ಕೈಗೆ ಸಿಕ್ಕಿತು ಎಂದು ಮನೆಯವರಿಗೆ ಸಮಾಧಾನ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗಕ್ಕೆ, ಡಾಕ್ಟರರೂ ರೋಗಿಗಳೂ ಚಿಕ್ಕದಾಗಿ ಎಂಎಸ್ ಎನ್ನುವ ಕಾಯಿಲೆಗೆ, ಇಂಥದೊಂದು ಪಟ್ಟಿ ದಶಕಗಳ ಕಾಲ ಚಾಲ್ತಿಯಲ್ಲಿತ್ತು. ಅದನ್ನು ಮಾಡಿದವರು ಅಜ್ಜಿಯರಲ್ಲ, ಯುರೋಪ್ ಮತ್ತು ಅಮೆರಿಕದ ನುರಿತ ನರರೋಗ ತಜ್ಞರು. ವ್ಯಾಯಾಮ ಬೇಡ, ದಣಿವು ಬೇಡ, ಬಿಸಿನೀರು ಬೇಡ, ಬಸಿರು ಬೇಡ, ಲಸಿಕೆ ಬೇಡ. ಎಂಎಸ್ ಸಂಶೋಧನೆಯ ಮಾತು ಬಂದಾಗ ಪತ್ರಿಕೆಗಳು ಹೊಸ ಔಷಧಗಳ ಬಗ್ಗೆ ಬರೆಯುತ್ತವೆ, ಬರೆಯಬೇಕಾದದ್ದೇ. ಆದರೆ ಕಾಯಿಲೆ ಹೊತ್ತು ದಿನ ತಳ್ಳಬೇಕಾದವರ ಕಡೆಯಿಂದ ನೋಡಿದರೆ, ಕಳೆದ 30 ವರ್ಷಗಳ ಸಂಶೋಧನೆ ಮಾಡಿದ ಅಷ್ಟೇ ದೊಡ್ಡ ಉಪಕಾರ ಈ ಪಟ್ಟಿಯನ್ನು ಒಂದೊಂದಾಗಿ ಹೊಡೆದು ಹಾಕಿದ್ದು. ಪರೀಕ್ಷಿಸದ ಎಚ್ಚರಿಕೆಯೂ ಒಂದು ಚಿಕಿತ್ಸೆಯೇ, ಅದಕ್ಕೂ ಅಡ್ಡಪರಿಣಾಮಗಳಿವೆ. ಅದನ್ನು ಔಷಧದಷ್ಟೇ ಕಟ್ಟುನಿಟ್ಟಾಗಿ ಒರೆಗೆ ಹಚ್ಚಬೇಕು ಎಂಬುದು ಈ ಲೇಖನದ ವಾದ.

ಮೊದಲು ಕಾಯಿಲೆಯ ಪರಿಚಯ. ಮಿದುಳು, ಬೆನ್ನುಹುರಿ, ಕಣ್ಣಿನ ನರ ಇವುಗಳಲ್ಲಿರುವ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನಂಶದ ಹೊದಿಕೆಯಿದೆ, ವಿದ್ಯುತ್ ತಂತಿಗೆ ಪ್ಲಾಸ್ಟಿಕ್ ಇದ್ದ ಹಾಗೆ. ಎಂಎಸ್‌ನಲ್ಲಿ ದೇಹದ ರೋಗನಿರೋಧಕ ಕಣಗಳೇ ದಾರಿತಪ್ಪಿ ಈ ಹೊದಿಕೆಯನ್ನು ಅಲ್ಲಲ್ಲಿ ಕೆರೆದು ಹಾಕುತ್ತವೆ. ಹೊದಿಕೆ ಹೋದ ಕಡೆ ಸಂದೇಶ ನಿಧಾನವಾಗುತ್ತದೆ ಅಥವಾ ನಿಂತೇ ಹೋಗುತ್ತದೆ. ಯಾವ ಜಾಗದಲ್ಲಿ ಹೋಯಿತು ಎಂಬುದರ ಮೇಲೆ ಲಕ್ಷಣ. ಒಂದು ಕಣ್ಣು ಕೆಲವು ವಾರ ಮಂಜಾಗಬಹುದು, ಸೊಂಟದಿಂದ ಕೆಳಗೆ ಜೋಮು ಹಿಡಿಯಬಹುದು, ಒಂದು ವಸ್ತು ಎರಡಾಗಿ ಕಾಣಬಹುದು, ಮೂತ್ರ ತಡೆಯಲಾಗದೆ ಓಡಬೇಕಾಗಬಹುದು. ಹೆಚ್ಚಿನವರಲ್ಲಿ ಇದು ಬಂದು, ಇಳಿದು, ತಿಂಗಳುಗಳೋ ವರ್ಷಗಳೋ ಕಳೆದು ಮತ್ತೆ ಮರುಕಳಿಸುತ್ತದೆ. ಕೆಲವರಲ್ಲಿ ಮೊದಲಿನಿಂದಲೇ, ಮತ್ತೆ ಕೆಲವರಲ್ಲಿ ಹಲವು ವರ್ಷಗಳ ನಂತರ, ಇಳಿಯದೆ ನಿಧಾನವಾಗಿ ಏರುತ್ತ ಹೋಗುತ್ತದೆ. 1868ರಲ್ಲಿ ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಜಾಂ ಮಾರ್ತಾಂ ಶಾರ್ಕೊ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿ ವಿವರಿಸಿದ. ಈಗ ಜಗತ್ತಿನಲ್ಲಿ ಸುಮಾರು 29 ಲಕ್ಷ ಜನರಿಗೆ ಇದೆ ಎಂಬ ಅಂದಾಜಿದೆ. ಹೆಚ್ಚಾಗಿ 20ರಿಂದ 40ರ ನಡುವಿನ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ; ಗಂಡಸರಿಗಿಂತ ಹೆಂಗಸರಿಗೆ ಎರಡು ಪಟ್ಟಿಗೂ ಮಿಗಿಲು. ಉತ್ತರ ಯುರೋಪಿನಲ್ಲಿ ಲಕ್ಷಕ್ಕೆ ನೂರಕ್ಕೂ ಹೆಚ್ಚು ಮಂದಿಗೆ ಇರುವ ಇದು ಭಾರತಕ್ಕೆ ಅಪರೂಪ ಎಂದು ಬಹಳ ಕಾಲ ನಂಬಲಾಗಿತ್ತು. ಆ ನಂಬಿಕೆಯನ್ನು ಎಣಿಕೆ ಮಾಡಿ ನೋಡಿದ್ದು ನಮ್ಮ ಮಂಗಳೂರಿನಲ್ಲಿ. ನರರೋಗ ತಜ್ಞೆ ಲೇಖಾ ಪಂಡಿತ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ನಗರದಲ್ಲಿ ಲಕ್ಷಕ್ಕೆ ಎಂಟಕ್ಕಿಂತ ತುಸು ಹೆಚ್ಚು ಜನರಿಗೆ ಎಂಎಸ್ ಇತ್ತು. ಕಡಿಮೆಯೇ, ಆದರೆ ನಮ್ಮ ಜನಸಂಖ್ಯೆಯನ್ನು ನೆನೆದರೆ ಅಪರೂಪ ಎಂದು ಕೈಬಿಡುವಂಥದ್ದಲ್ಲ.

ದಣಿಯಬೇಡಿ ಎಂಬ ಮಾತು ಹುಟ್ಟಿದ್ದಕ್ಕೆ ಕಾರಣ ಇತ್ತು. 1890ರಲ್ಲಿ ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಊತ್‌ಹಾಫ್ 100 ಮಂದಿ ಎಂಎಸ್ ರೋಗಿಗಳ ಕಣ್ಣು ಪರೀಕ್ಷಿಸಿದಾಗ ನಾಲ್ವರು ಒಂದು ವಿಚಿತ್ರ ಹೇಳಿದರು. ಸ್ವಲ್ಪ ಓಡಾಡಿ ದಣಿದರೆ ಕಣ್ಣು ಮಬ್ಬಾಗುತ್ತದೆ, ಕುಳಿತು ಸುಧಾರಿಸಿಕೊಂಡರೆ ಮತ್ತೆ ಸರಿಹೋಗುತ್ತದೆ. ದಣಿವೇ ಇದಕ್ಕೆ ಕಾರಣ ಎಂದು ಊತ್‌ಹಾಫ್ ತಿಳಿದ. ನಿಜವಾದ ಕಾರಣ ದಣಿದಾಗ ಏರುವ ಮೈಶಾಖ ಎಂದು ಗೊತ್ತಾಗಲು ಹಲವು ದಶಕಗಳು ಹಿಡಿದವು. ಮಯಲಿನ್ ಕಳೆದುಕೊಂಡ ನರತಂತು ಹೇಗೋ ಏಗಿಕೊಂಡು ಸಂದೇಶ ದಾಟಿಸುತ್ತಿರುತ್ತದೆ. ಸಂದೇಶವನ್ನು ಮುಂದೂಡುವ ಸೋಡಿಯಂ ಬಾಗಿಲುಗಳು ಶಾಖ ಹೆಚ್ಚಿದಂತೆ ಬೇಗ ಬೇಗ ಮುಚ್ಚಿಕೊಳ್ಳುತ್ತವೆ. ಆರೋಗ್ಯವಂತ ನರಕ್ಕೆ ಇದು ಲೆಕ್ಕಕ್ಕೇ ಇಲ್ಲ; ಸೋತ ನರಕ್ಕೆ ಅರ್ಧ ಡಿಗ್ರಿ ಸೆಲ್ಸಿಯಸ್ ಏರಿದರೂ ಸಂದೇಶ ಕಡಿದುಹೋಗುತ್ತದೆ. ಮೈ ತಣ್ಣಗಾದರೆ ಸಂದೇಶ ಮತ್ತೆ ಹರಿಯುತ್ತದೆ. ನರಕ್ಕೆ ಹೊಸದಾಗಿ ಏನೂ ಹಾನಿಯಾಗಿರುವುದಿಲ್ಲ. ಎಂಆರ್‌ಐ ಬರುವ ಮುಂಚೆ ಡಾಕ್ಟರರು ಇದನ್ನೇ ರೋಗಪತ್ತೆಗೆ ಬಳಸಿಕೊಂಡದ್ದೂ ಉಂಟು. ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ, ಅಡಗಿದ್ದ ಲಕ್ಷಣ ಹೊರಗೆ ಬರುತ್ತದೆಯೇ ಎಂದು ಕಾಯುತ್ತಿದ್ದರು. ಹೀಗೆ ಕಣ್ಣೆದುರೇ ಕಾಲು ಸೋಲುವುದನ್ನು, ಕಣ್ಣು ಮಂಜಾಗುವುದನ್ನು ನೋಡಿದ ವೈದ್ಯ, ‘ನೀನು ಮೈ ದಣಿಸಿಕೊಳ್ಳಬೇಡ’ ಎಂದರೆ ಅದರಲ್ಲಿ ಕ್ರೌರ್ಯವೂ ಇಲ್ಲ, ಮೌಢ್ಯವೂ ಇಲ್ಲ. ತಾತ್ಕಾಲಿಕ ತೊಂದರೆಯನ್ನು ಶಾಶ್ವತ ಹಾನಿಯೆಂದು ಊಹಿಸಿ, ಆ ಊಹೆಯನ್ನು ನೂರು ವರ್ಷ ಯಾರೂ ಸರಿಯಾಗಿ ಪರೀಕ್ಷಿಸಲಿಲ್ಲ ಎಂಬುದಷ್ಟೇ ದೋಷ.

ಪರೀಕ್ಷೆ ನಡೆದದ್ದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ. ಜ್ಯಾಕ್ ಪೆಟಜನ್ ಮತ್ತು ಸಂಗಡಿಗರು 54 ಎಂಎಸ್ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ದಿನಚರಿ. ಇನ್ನೊಂದು ಗುಂಪಿಗೆ 15 ವಾರಗಳ ತರಬೇತಿ: ವಾರಕ್ಕೆ ಮೂರು ಸಲ, ಒಂದೊಂದು ಸಲ 40 ನಿಮಿಷ, ಕೈಕಾಲು ಎರಡರಿಂದಲೂ ತುಳಿಯುವ, ತಿರುಗಿಸುವ ಸೈಕಲ್ ಯಂತ್ರದ ಮೇಲೆ. ಕಾಲು ಸೋತರೆ ಕೈ, ಕೈ ಸೋತರೆ ಕಾಲು ಕೆಲಸ ಮಾಡಲಿ ಎಂಬ ಯೋಚನೆ ಇದ್ದೀತು. 1996ರಲ್ಲಿ ಫಲಿತಾಂಶ ಪ್ರಕಟವಾಯಿತು. ವ್ಯಾಯಾಮ ಮಾಡಿದವರ ಉಸಿರಿನ ಸಾಮರ್ಥ್ಯ ಶೇ 22ರಷ್ಟು ಏರಿತ್ತು. ಕೈಕಾಲಿನ ಬಲ ಹೆಚ್ಚಿತ್ತು. ಖಿನ್ನತೆ, ಸಿಡುಕು ಇಳಿದಿದ್ದವು. ಹತ್ತನೆಯ ವಾರದ ಹೊತ್ತಿಗೆ ಆಯಾಸ ಕೂಡ ಕಡಿಮೆಯಾಗಿತ್ತು. ಕಾಯಿಲೆ ಉಲ್ಬಣಿಸಲಿಲ್ಲ. ಒಂದು ಸಣ್ಣ ಪ್ರಯೋಗದಿಂದ ನೂರು ವರ್ಷದ ಸಲಹೆ ಬಿದ್ದುಹೋಗುವುದಿಲ್ಲ, ಬೀಳಲೂಬಾರದು. ಮುಂದೆ ಇಂಥ ಪ್ರಯೋಗಗಳು ಸಾಲುಸಾಲಾಗಿ ಬಂದವು. 2014ರಲ್ಲಿ ಲಾರಾ ಪಿಲುಟ್ಟಿ ಮತ್ತಿತರರು 26 ಪ್ರಯೋಗಗಳ, ಸುಮಾರು 1,300 ರೋಗಿಗಳ ಲೆಕ್ಕ ಒಟ್ಟುಗೂಡಿಸಿ, ಎಲ್ಲರಿಗೂ ಭಯವಿದ್ದ ಪ್ರಶ್ನೆಯನ್ನೇ ಕೇಳಿದರು: ವ್ಯಾಯಾಮದಿಂದ ರೋಗ ಮರುಕಳಿಸುತ್ತದೆಯೇ? ವ್ಯಾಯಾಮ ಮಾಡದ ಗುಂಪಿನಲ್ಲಿ ಶೇ 6.3 ಮಂದಿಗೆ ಮರುಕಳಿಸಿತ್ತು. ಮಾಡಿದ ಗುಂಪಿನಲ್ಲಿ ಶೇ 4.6 ಮಂದಿಗೆ. ಮೈಕೈ ನೋವು, ಉಳುಕಿನಂಥ ತೊಂದರೆ ವ್ಯಾಯಾಮ ಮಾಡಿದವರಲ್ಲಿ ತುಸು ಹೆಚ್ಚಿತ್ತು, ಶೇ 1.2ಕ್ಕೆ ಎದುರಾಗಿ ಶೇ 2. ಅದು ಆರೋಗ್ಯವಂತರಿಗೂ ಆಗುವಂಥದ್ದೇ.

ಇಲ್ಲಿ ಎಂಎಸ್ ಇರುವವರೇ ಎತ್ತುವ ಆಕ್ಷೇಪವೊಂದಿದೆ, ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆಯಾಸದಿಂದ ಹಾಸಿಗೆ ಬಿಟ್ಟೇಳಲಾಗದವರಿಗೆ ವ್ಯಾಯಾಮ ಮಾಡಿ ಎನ್ನುವುದು ಸೋಮಾರಿತನದ ಆರೋಪ ಹೊರಿಸಿದಂತೆ ಅಲ್ಲವೇ? ಎಂಎಸ್‌ನ ಆಯಾಸ ಬೇರೆಯದೇ ಜಾತಿಯದು. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದವರಿಗೂ ಬೆಳಗಿನ ಹತ್ತು ಗಂಟೆಗೆ ಕೈ ಎತ್ತಲಾಗದಷ್ಟು ನಿಶ್ಶಕ್ತಿ ಕವಿಯುತ್ತದೆ. ರೋಗಿಗಳಲ್ಲಿ ಬಹುಪಾಲು ಜನ ಇದನ್ನು ಅನುಭವಿಸುತ್ತಾರೆ. ಕಾಲಿನ ಬಲ ಸರಿಯಿದ್ದೂ ಕೆಲಸ ಬಿಟ್ಟವರಿಗೆ ಅನೇಕ ವೇಳೆ ಇದೇ ಕಾರಣ. ಹೊರಗಿನವರಿಗೆ ಕಾಣುವುದಿಲ್ಲ. ‘ನೋಡೋಕೆ ಚೆನ್ನಾಗೇ ಇದೀಯಲ್ಲ’ ಎಂಬ ಮಾತು ಕೇಳಿ ಕೇಳಿ ರೋಗಿಗಳು ಬೇಸತ್ತಿರುತ್ತಾರೆ. ಹೀಗಿರುವಾಗ ವಿಶ್ರಾಂತಿಯ ಸಲಹೆಯಲ್ಲಾದರೂ ಕಷ್ಟವನ್ನು ನಂಬಿದ ಗೌರವ ಇತ್ತು ಎಂದು ಯಾರಾದರೂ ಅಂದರೆ ಅದು ನ್ಯಾಯವೇ.

ಆದರೆ ಆಯಾಸವನ್ನು ನಿಜವೆಂದು ಒಪ್ಪಿದ ಮೇಲೂ ಅದಕ್ಕೆ ಯಾವುದು ಮದ್ದು ಎಂಬ ಪ್ರಶ್ನೆ ಉಳಿಯುತ್ತದೆ. ವರ್ಷಾನುಗಟ್ಟಲೆ ಡಾಕ್ಟರರು ಅಮಾಂಟಡಿನ್, ಮೊಡಾಫಿನಿಲ್, ಮೀಥೈಲ್‌ಫೆನಿಡೇಟ್ ಎಂಬ ಮೂರು ಮಾತ್ರೆಗಳನ್ನು ಇದಕ್ಕಾಗಿ ಬರೆದುಕೊಟ್ಟಿದ್ದಾರೆ. 2021ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದು 141 ರೋಗಿಗಳಿಗೆ ಈ ಮೂರನ್ನೂ, ಜೊತೆಗೆ ಔಷಧವೇ ಇಲ್ಲದ ಹುಸಿ ಮಾತ್ರೆಯನ್ನೂ, ಯಾವುದು ಯಾವುದೆಂದು ತಿಳಿಸದೆ ಸರದಿಯಂತೆ ಆರಾರು ವಾರ ಕೊಟ್ಟಿತು. ಆಯಾಸದ ಅಳತೆಯಲ್ಲಿ ಮೂರರಲ್ಲಿ ಒಂದೂ ಹುಸಿ ಮಾತ್ರೆಯನ್ನು ಮೀರಿಸಲಿಲ್ಲ. ಅಡ್ಡಪರಿಣಾಮದಲ್ಲಿ ಮಾತ್ರ ಮೀರಿಸಿದವು. ಇನ್ನೊಂದು ಕಡೆ, 2005ರಲ್ಲೇ ವರ್ಜಿಲ್ ಮ್ಯಾಥಿಯೊವೆಟ್ಜ್ ತಂಡ 169 ಜನರಿಗೆ ಆರು ವಾರದ ಒಂದು ಸರಳ ತರಗತಿ ನಡೆಸಿ ಫಲ ಕಂಡಿತ್ತು. ಅಲ್ಲಿ ಕಲಿಸಿದ್ದು ಇರುವ ಶಕ್ತಿಯನ್ನು ಹಂಚಿಕೊಳ್ಳುವ ಬಗೆ. ದಿನದ ಯಾವ ಹೊತ್ತಿನಲ್ಲಿ ಯಾವ ಕೆಲಸ, ಯಾವುದನ್ನು ನಿಂತು ಮಾಡಬೇಕಿಲ್ಲ, ಯಾವುದನ್ನು ಬೇರೆಯವರಿಗೆ ಒಪ್ಪಿಸಬಹುದು, ಸುಸ್ತಾಗುವ ಮೊದಲೇ ಎಲ್ಲಿ ಕೂರಬೇಕು. ನಮ್ಮ ಅಡುಗೆಮನೆಗೆ ತಂದರೆ, ತರಕಾರಿಯನ್ನು ಫ್ಯಾನಿನ ಕೆಳಗೆ ಕುಳಿತು ಹೆಚ್ಚುವುದು, ಒಲೆಯ ಮುಂದಿನ ಕೆಲಸವನ್ನೆಲ್ಲ ಬೆಳಿಗ್ಗೆ ಏಳರೊಳಗೆ ಮುಗಿಸುವುದು, ಮಧ್ಯಾಹ್ನ ಚಪಾತಿ ಲಟ್ಟಿಸುವ ಕೆಲಸ ಮನೆಯ ಗಂಡಸರಿಗೆ ಬಿಡುವುದು. ಇಲ್ಲಿ ವಿಶ್ರಾಂತಿಗೂ ಜಾಗವಿದೆ, ಆದರೆ ಬದುಕಿನ ಬದಲಿಯಾಗಿ ಅಲ್ಲ, ಮುಂದಿನ ಕೆಲಸಕ್ಕೆ ಸಿದ್ಧತೆಯಾಗಿ. ವ್ಯಾಯಾಮವನ್ನು ಸರ್ವರೋಗ ನಿವಾರಕ ಎಂದು ಹೊಗಳುವವರಿಗೂ ಒಂದು ತಣ್ಣೀರು ಸಿಂಪಡಿಸುವ ಪ್ರಯೋಗವಿದೆ. ರೋಗ ಇಳಿಯದೆ ಏರುತ್ತಿದ್ದ 311 ಮಂದಿಯ ನೆನಪು, ಯೋಚನೆಯ ವೇಗ ಸುಧಾರಿಸಬಹುದೇ ಎಂದು ಆರು ದೇಶಗಳಲ್ಲಿ ನೋಡಿದ, 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಿದುಳಿನ ಕಸರತ್ತು ಮತ್ತು ಮೈಯ ವ್ಯಾಯಾಮ ಸೇರಿಸಿ ಮಾಡಿದವರಿಗೂ ಕಾಟಾಚಾರದ ಅಭ್ಯಾಸ ಮಾಡಿದವರಿಗೂ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಬಿಸಿಲಿನ ಪ್ರಶ್ನೆ? ಏಪ್ರಿಲ್ ತಿಂಗಳ ರಾಯಚೂರು, ಕಲಬುರಗಿಯಲ್ಲಿ ಹೊರಗಿನ ಗಾಳಿಯೇ ಮೈಶಾಖಕ್ಕಿಂತ ಬಿಸಿ. ಕರಾವಳಿಯಲ್ಲಿ ಬೆವರು ಬಂದರೂ ಆರುವುದಿಲ್ಲ. ಯೂಟಾದ ತಂಪು ಕೋಣೆಯ ಫಲಿತಾಂಶವನ್ನು ಇಲ್ಲಿಗೆ ಹಾಗೆಯೇ ತಂದು ಅಂಟಿಸಲಾಗದು ಎಂಬುದು ಸರಿಯಾದ ಆಕ್ಷೇಪ. ಬಿಸಿನೀರಿನ ಸ್ನಾನದ ನಡುವೆ ಕಾಲು ಸೋತು ಬಚ್ಚಲಲ್ಲಿ ಬೀಳುವ ಅಪಾಯವಂತೂ ನಿಜವಾದದ್ದು. ನರಕ್ಕೆ ಹಾನಿಯಾಗದಿದ್ದರೂ ತೊಡೆಯ ಮೂಳೆ ಮುರಿಯಬಹುದು. ಹಾಗಾಗಿ ಉಗುರುಬೆಚ್ಚಗಿನ ನೀರು, ಕೂರಲು ಒಂದು ಸ್ಟೂಲು, ಹಿಡಿಯಲು ಗೋಡೆಗೊಂದು ಕಂಬಿ ಎಂಬ ಸಲಹೆ ಉಳಿಯುತ್ತದೆ. ಆದರೆ ಶಾಖದ ಭಯಕ್ಕೆ ಉತ್ತರ ಮನೆಯೊಳಗೆ ಕೂರುವುದೊಂದೇ ಅಲ್ಲ ಎಂದು ತೋರಿಸುವ ಸೊಗಸಾದ ಪ್ರಯೋಗವೊಂದು ಸಿಡ್ನಿ ವಿಶ್ವವಿದ್ಯಾಲಯದಿಂದ 2018ರಲ್ಲಿ ಬಂತು. ಶಾಖ ತಾಳದ ಎಂಎಸ್ ರೋಗಿಗಳನ್ನು 30 ಡಿಗ್ರಿಯ ಕೋಣೆಯಲ್ಲಿ ಸೈಕಲ್ ತುಳಿಯಲು ಕೂರಿಸಿದರು. ಹದಿನೈದು ನಿಮಿಷಕ್ಕೊಮ್ಮೆ ಕುಡಿಯಲು ನೀರು. ಒಂದು ದಿನ ಮೈಯಷ್ಟೇ ಬೆಚ್ಚಗಿನದು, ಇನ್ನೊಂದು ದಿನ ಮಂಜುಗಡ್ಡೆಯಷ್ಟು ತಣ್ಣಗಿನದು. ತಣ್ಣೀರು ಕುಡಿದ ದಿನ ಸುಮಾರು ಶೇ 30ರಷ್ಟು ಹೆಚ್ಚು ಹೊತ್ತು ತುಳಿದರು. ಸ್ವಾರಸ್ಯವೆಂದರೆ ಎರಡು ದಿನವೂ ಮೈಯೊಳಗಿನ ಉಷ್ಣಾಂಶ ಹೆಚ್ಚುಕಡಿಮೆ ಒಂದೇ ಇತ್ತು. ಬಾಯಿ, ಹೊಟ್ಟೆಯಲ್ಲಿ ತಂಪನ್ನು ಅರಿಯುವ ನರಗಳಿಂದ ಹೋದ ಸುದ್ದಿಯೇ ಕೆಲಸ ಮಾಡಿರಬೇಕು. ಫ್ರಿಜ್ ನೀರು ಕುಡಿದರೆ ನೆಗಡಿ, ಗಂಟಲುನೋವು ಎಂದು ಗದರಿಸುವ ಮನೆಗಳಲ್ಲಿ ಈ ಸಂಗತಿ ಒಂದು ಸಣ್ಣ ಜಗಳವನ್ನೇ ಎಬ್ಬಿಸಬಹುದು. ಪ್ರಯೋಗ ಚಿಕ್ಕದು, ನಿಜ. ಆದರೆ ಒಂದು ಲೋಟ ತಣ್ಣೀರಿನ ಖರ್ಚು, ಅಪಾಯ ಎರಡೂ ಅಷ್ಟೇ ಚಿಕ್ಕವು.

ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಣ್ಣೀರು ಹಾಕಿಸಿದ್ದು ಬಸಿರಿನ ನಿಷೇಧ. ಕಾಯಿಲೆ ಹೆಂಗಸರಲ್ಲಿ ಹೆಚ್ಚು, ಅದೂ ಮಕ್ಕಳಾಗುವ ವಯಸ್ಸಿನಲ್ಲಿ. ಹೆರಿಗೆಯ ನಂತರ ಕಾಯಿಲೆ ಜೋರಾದ ಕೆಲವು ಪ್ರಕರಣಗಳನ್ನು ಕಂಡ ವೈದ್ಯರು ಇಪ್ಪತ್ತನೆಯ ಶತಮಾನದ ಬಹುಭಾಗ ಗರ್ಭ ಧರಿಸಬೇಡಿ ಎಂದರು, ಧರಿಸಿದವರಿಗೆ ತೆಗೆಸಿಬಿಡಿ ಎಂದದ್ದೂ ಉಂಟು. ಫ್ರಾನ್ಸಿನ ಲಿಯೋನ್ ನಗರದ ಕ್ರಿಶ್ಚಿಯನ್ ಕಾನ್‌ಫಾವ್ರೂ ನೇತೃತ್ವದಲ್ಲಿ ಯುರೋಪಿನ 12 ದೇಶಗಳ ವೈದ್ಯರು ಸೇರಿ 254 ಮಹಿಳೆಯರ 269 ಬಸಿರುಗಳನ್ನು ಉದ್ದಕ್ಕೂ ಗಮನಿಸಿ 1998ರಲ್ಲಿ ವರದಿ ಕೊಟ್ಟರು. ಬಸಿರಿಗೆ ಮುಂಚಿನ ವರ್ಷ ಒಬ್ಬೊಬ್ಬರಿಗೆ ವರ್ಷಕ್ಕೆ ಸರಾಸರಿ 0.7 ಸಲ ಮರುಕಳಿಸುತ್ತಿದ್ದ ರೋಗ ಬಸಿರಿನ ಕೊನೆಯ ಮೂರು ತಿಂಗಳಲ್ಲಿ 0.2ಕ್ಕೆ ಇಳಿಯಿತು. ಯಾವ ಔಷಧಕ್ಕೂ ಹೊಟ್ಟೆಕಿಚ್ಚು ತರಿಸುವ ಇಳಿತ. ಹೆರಿಗೆಯ ನಂತರದ ಮೂರು ತಿಂಗಳಲ್ಲಿ ಅದು 1.2ಕ್ಕೆ ಜಿಗಿದು, ಆಮೇಲೆ ಮೊದಲಿನ ಮಟ್ಟಕ್ಕೇ ಮರಳಿತು. ಹಳಬರು ಕಂಡದ್ದು ಸುಳ್ಳಲ್ಲ, ಆದರೆ ಅವರು ಕಂಡದ್ದು ಆ ಮೂರು ತಿಂಗಳನ್ನು ಮಾತ್ರ. ಅದರಲ್ಲೂ ನೂರಕ್ಕೆ 72 ತಾಯಂದಿರಿಗೆ ಆ ಅವಧಿಯಲ್ಲಿ ರೋಗ ಮರುಕಳಿಸಲೇ ಇಲ್ಲ. ಎದೆಹಾಲು ಕುಡಿಸುವುದರಿಂದ ಕೆಡುಕಿಲ್ಲ, ಬಹುಶಃ ಒಳಿತೇ ಇದೆ ಎಂದು ನಂತರದ ಅಧ್ಯಯನಗಳು ಸೂಚಿಸಿವೆ. ಈಗ ಪ್ರಶ್ನೆ ಮಗು ಬೇಕೇ ಬೇಡವೇ ಎಂಬುದರಿಂದ ಯಾವಾಗ, ಯಾವ ಔಷಧ ನಿಲ್ಲಿಸಿ ಎಂಬುದಕ್ಕೆ ಬಂದು ನಿಂತಿದೆ. ಟೆರಿಫ್ಲುನೊಮೈಡ್, ಫಿಂಗೊಲಿಮಾಡ್‌ನಂಥ ಮಾತ್ರೆಗಳನ್ನು ಬಸಿರಿಗೆ ಮುಂಚೆಯೇ ಡಾಕ್ಟರ ಸಲಹೆಯಂತೆ ಬಿಡಬೇಕು. ಗಂಡು ನೋಡುವ ಹೊತ್ತಿನಲ್ಲಿ ಎಂಎಸ್ ಎಂಬ ಹೆಸರು ಹೊರಬಿದ್ದರೆ ಮಾತುಕತೆ ಅಲ್ಲಿಗೇ ಮುಗಿಯುವ ನಮ್ಮ ಸಮಾಜಕ್ಕೆ 1998ರ ವರದಿ ಇನ್ನೂ ತಲುಪಬೇಕಿದೆ.

ಲಸಿಕೆಯ ಭಯದ ಕತೆ ಚಿಕ್ಕದು. ಹೆಪಟೈಟಿಸ್ ಬಿ ಲಸಿಕೆಯಿಂದ ಎಂಎಸ್ ಬರುತ್ತದೆ ಎಂಬ ಗುಲ್ಲೆದ್ದು 1998ರಲ್ಲಿ ಫ್ರಾನ್ಸ್ ಸರ್ಕಾರ ಶಾಲೆಗಳಲ್ಲಿನ ಲಸಿಕೆ ಕಾರ್ಯಕ್ರಮವನ್ನೇ ನಿಲ್ಲಿಸಿತು. ಅದೇ ಕಾನ್‌ಫಾವ್ರೂ ತಂಡ 2001ರಲ್ಲಿ, ರೋಗ ಮರುಕಳಿಸಿದ 643 ಮಂದಿಯ ದಾಖಲೆ ತೆಗೆದು ನೋಡಿದಾಗ, ಲಸಿಕೆ ಹಾಕಿಸಿಕೊಂಡ ನಂತರದ ಎರಡು ತಿಂಗಳಲ್ಲಿ ಮರುಕಳಿಕೆಯ ಅಪಾಯ ಬೇರೆ ತಿಂಗಳುಗಳಿಗಿಂತ ಹೆಚ್ಚಿರಲಿಲ್ಲ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧದಲ್ಲಿರುವವರು ಜೀವಂತ ರೋಗಾಣುಗಳ ಲಸಿಕೆ ತೆಗೆದುಕೊಳ್ಳಬಾರದು ಎಂಬ ಎಚ್ಚರಿಕೆ ಮಾತ್ರ ಉಳಿದಿದೆ. ಔಷಧ ಶುರುಮಾಡುವ ಮುಂಚೆಯೇ ಬೇಕಾದ ಲಸಿಕೆಗಳನ್ನು ಮುಗಿಸಿಕೊಳ್ಳುವುದು ಜಾಣತನ.

ಇಷ್ಟಾದರೂ, ಎಚ್ಚರಿಕೆಯಿಂದ ಇದ್ದರೆ ಕಳೆದುಕೊಳ್ಳುವುದೇನು ಎಂದು ಕೇಳುವವರು ಇರುತ್ತಾರೆ. ಈ ಪ್ರಶ್ನೆಯೇ ಪಟ್ಟಿಯನ್ನು ಇಷ್ಟು ವರ್ಷ ಬದುಕಿಸಿದ್ದು. ಕಳೆದುಕೊಳ್ಳುವುದು ಬಹಳ ಇದೆ. ಬಳಸದ ಸ್ನಾಯು ವಾರಗಳಲ್ಲಿ ಸೊರಗುತ್ತದೆ. ಎಂಎಸ್‌ನಿಂದ ಬಂದ ದೌರ್ಬಲ್ಯ ಯಾವುದು, ಕುಳಿತೇ ಇದ್ದುದರಿಂದ ಬಂದದ್ದು ಯಾವುದು ಎಂದು ಆಮೇಲೆ ಬೇರ್ಪಡಿಸುವುದೇ ಕಷ್ಟ. ಮರುಕಳಿಕೆಗೆ ಕೊಡುವ ಸ್ಟಿರಾಯ್ಡ್ ಮೂಳೆಯನ್ನು ತೆಳುವಾಗಿಸಬಹುದು; ನಡೆಯದಿದ್ದರೆ ಅದು ಇನ್ನಷ್ಟು ತೆಳು. ಎಂಎಸ್ ರೋಗಿಗಳಲ್ಲಿ ಮೊದಲೇ ಹೆಚ್ಚಿರುವ ಖಿನ್ನತೆ ನಾಲ್ಕು ಗೋಡೆಗಳ ನಡುವೆ ಬೆಳೆಯುತ್ತದೆ. ಹುಟ್ಟದೆ ಉಳಿದ ಮಕ್ಕಳು, ಬಿಟ್ಟ ಉದ್ಯೋಗಗಳು ಯಾವ ಎಂಆರ್‌ಐಯಲ್ಲೂ ಕಾಣುವುದಿಲ್ಲ. ಔಷಧವೊಂದು ಇಷ್ಟು ಹಾನಿ ಮಾಡಿದ್ದರೆ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಯುತ್ತಿದ್ದರು. ಸಲಹೆಗೆ ಪರವಾನಗಿ ಬೇಕಿಲ್ಲವಾದ್ದರಿಂದ ಅದನ್ನು ಯಾರೂ ಹಿಂತೆಗೆಯಲಿಲ್ಲ.

ಹಾಗೆಂದು ಡಾಕ್ಟರರ ಹಳೆಯ ಮಾತು ಸುಳ್ಳಾಯಿತು, ಇನ್ನು ಯಾರು ಏನು ಹೇಳಿದರೂ ಕೇಳಬಹುದು ಎಂಬ ತೀರ್ಮಾನಕ್ಕೆ ಬಂದರೆ ಅದು ಇನ್ನೂ ದೊಡ್ಡ ಹಳ್ಳ. ಬೇಡ ಎಂಬುದನ್ನು ಜರಡಿ ಹಿಡಿದ ಹಾಗೆ ಬೇಕು ಎಂಬುದನ್ನೂ ಹಿಡಿಯಬೇಕು. ಇಟಲಿಯ ಫೆರಾರಾ ವಿಶ್ವವಿದ್ಯಾಲಯದ ಪಾವ್ಲೊ ಜಂಬೋನಿ 2009ರಲ್ಲಿ, ಕುತ್ತಿಗೆಯ ರಕ್ತನಾಳಗಳು ಕಿರಿದಾಗಿ ಮಿದುಳಿನಿಂದ ರಕ್ತ ಸರಿಯಾಗಿ ಇಳಿಯದಿರುವುದೇ ಎಂಎಸ್‌ಗೆ ಕಾರಣ, ಬಲೂನು ಹಾಕಿ ಅಗಲ ಮಾಡಿದರೆ ಗುಣವಾಗುತ್ತದೆ ಎಂದರು. ಸುದ್ದಿ ಕಾಡ್ಗಿಚ್ಚಿನಂತೆ ಹಬ್ಬಿತು. ಕೆನಡಾದಲ್ಲಿ ಈ ಚಿಕಿತ್ಸೆ ಸಿಗದಿದ್ದಾಗ ಸಾವಿರಾರು ರೋಗಿಗಳು ಸ್ವಂತ ಹಣ ಹಾಕಿ ಬೇರೆ ದೇಶಗಳಿಗೆ ವಿಮಾನ ಹತ್ತಿದರು; ಭಾರತದ ಖಾಸಗಿ ಆಸ್ಪತ್ರೆಗಳಿಗೂ ಬಂದರು. ಸರಿಯಾದ ಪ್ರಯೋಗ ನಡೆದಾಗ, ಬಲೂನು ಹಾಕಿದವರಿಗೂ ಹಾಕಿದಂತೆ ಮಾಡಿದವರಿಗೂ ಏನೂ ವ್ಯತ್ಯಾಸ ಇರಲಿಲ್ಲ. ಕೆನಡಾದ ಪ್ರಯೋಗ ಅದನ್ನೇ ಹೇಳಿತು. ಜಂಬೋನಿ ತಾವೇ ನಡೆಸಿದ ಇಟಲಿಯ ಪ್ರಯೋಗವೂ ಹೇಳಿತು, ಅವರು ಅದನ್ನು ಪ್ರಕಟಿಸಿದರು ಎಂಬುದು ಅವರ ಗೌರವಕ್ಕೆ ಸಲ್ಲಬೇಕಾದ ಮಾತು.

ಆಹಾರ ಪಥ್ಯದ ವಿಷಯ ಇನ್ನೂ ಸೂಕ್ಷ್ಮ. ರಾಯ್ ಸ್ವಾಂಕ್ ಎಂಬ ನರರೋಗ ತಜ್ಞ ಕೊಬ್ಬು ಬಹಳ ಕಡಿಮೆ ಇರುವ ಊಟವನ್ನು 144 ರೋಗಿಗಳಿಗೆ ಹೇಳಿ, 34 ವರ್ಷ ಅವರ ಜಾಡು ಬಿಡದೆ ಹಿಂಬಾಲಿಸಿ, 1990ರಲ್ಲಿ ಫಲಿತಾಂಶ ಪ್ರಕಟಿಸಿದ. ದಿನಕ್ಕೆ 20 ಗ್ರಾಂಗಿಂತ ಕಡಿಮೆ ಕೊಬ್ಬು ತಿಂದವರು ಹೆಚ್ಚು ಕಾಲ, ಹೆಚ್ಚು ಚೆನ್ನಾಗಿ ಬದುಕಿದ್ದರು. ಅವನ ತಾಳ್ಮೆಗೆ ಕೈಮುಗಿಯಬೇಕು. ಆದರೆ ಹೋಲಿಸಲು ಬೇರೆ ಗುಂಪೇ ಇರಲಿಲ್ಲ. ಪಥ್ಯ ಮಾಡಿದ್ದರಿಂದ ಚೆನ್ನಾಗಿದ್ದರೋ, ಚೆನ್ನಾಗಿದ್ದವರಿಗೆ ಮಾತ್ರ 34 ವರ್ಷ ಪಥ್ಯ ಮಾಡುವ ಚೈತನ್ಯ ಇತ್ತೋ ಎಂದು ಆ ಅಂಕಿಗಳಿಂದ ಹೇಳಲಾಗದು. ಹಿತಮಿತವಾದ ಊಟ ಎಲ್ಲರಿಗೂ ಒಳ್ಳೆಯದು. ಹಾಲು ಬಿಡಿ, ಗೋಧಿ ಬಿಡಿ, ಬೇಳೆ ಬಿಡಿ ಎನ್ನುತ್ತ ಎಂಎಸ್‌ಗೆ ವಿಶೇಷ ಪಥ್ಯ ಮಾರುವವರ ಕೈಯಲ್ಲಿ ಅದಕ್ಕೆ ತಕ್ಕ ಸಾಕ್ಷ್ಯ ಇಲ್ಲ.

ಇನ್ನೊಂದು ಆಕ್ಷೇಪಕ್ಕೆ ಕಿವಿಗೊಡಬೇಕು. ಈ ಪ್ರಯೋಗಗಳಲ್ಲಿದ್ದವರು ಹೆಚ್ಚಾಗಿ ಪಶ್ಚಿಮದವರು, ತಾವಾಗಿ ನಡೆಯಬಲ್ಲವರು. ಗಾಲಿಕುರ್ಚಿಯಲ್ಲಿರುವವರ ಬಗ್ಗೆ ಸಾಕ್ಷ್ಯ ತೆಳುವಾಗಿದೆ, ಅವರಿಗೆ ಸರಾಸರಿಯ ಲೆಕ್ಕ ಓದಿ ಹೇಳುವುದು ಸಲ್ಲದು. ನಮ್ಮಲ್ಲಿ ಅದಕ್ಕೂ ಮೊದಲಿನ ತೊಡಕೊಂದಿದೆ. ಎಂಎಸ್‌ನಂತೆಯೇ ಕಾಣುವ ನ್ಯೂರೋಮಯಲೈಟಿಸ್ ಆಪ್ಟಿಕಾ ಎಂಬ ಕಾಯಿಲೆ ಭಾರತದಲ್ಲಿ ಎಂಎಸ್‌ಗೆ ಹೋಲಿಸಿದರೆ ಅಷ್ಟೇನೂ ವಿರಳವಲ್ಲ ಎಂದು ಮಂಗಳೂರಿನ ಸಮೀಕ್ಷೆಯೂ ತೋರಿಸಿದೆ. ಅದನ್ನು ಗುರುತಿಸುವ ಪ್ರತಿಕಾಯವನ್ನು ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ 2004ರಲ್ಲಿ ಪತ್ತೆಹಚ್ಚಿದ ಮೇಲೆ ಒಂದು ರಕ್ತಪರೀಕ್ಷೆಯಿಂದ ಹೆಚ್ಚಿನವರಲ್ಲಿ ಎರಡನ್ನೂ ಬೇರ್ಪಡಿಸಬಹುದು. ಬೇರ್ಪಡಿಸದೆ ಇಂಟರ್‌ಫೆರಾನ್‌ನಂಥ ಎಂಎಸ್ ಔಷಧ ಕೊಟ್ಟರೆ ಆ ಕಾಯಿಲೆ ಉಲ್ಬಣಿಸಬಹುದು. ಆದ್ದರಿಂದ ಮೇಲೆ ಹೇಳಿದ ಎಲ್ಲ ಮಾತೂ, ಕಾಯಿಲೆ ಎಂಎಸ್ ಹೌದೆಂದು ಖಚಿತವಾದ ಮೇಲಷ್ಟೇ ಅನ್ವಯಿಸಬೇಕಾದದ್ದು.

ಜರಡಿಯಲ್ಲಿ ಉಳಿದುಕೊಂಡ ನಿಷೇಧಗಳೂ ಇವೆ. ಧೂಮಪಾನ ಅದರಲ್ಲಿ ಮೊದಲನೆಯದು. 2015ರಲ್ಲಿ ಪ್ರಕಟವಾದ ಸ್ವೀಡನ್ ಅಧ್ಯಯನದ ಪ್ರಕಾರ, ಎಂಎಸ್ ಎಂದು ಗೊತ್ತಾದ ಮೇಲೂ ಸಿಗರೇಟು ಸೇದಿದ ಒಂದೊಂದು ವರ್ಷವೂ, ಕಾಯಿಲೆ ಇಳಿಯದೆ ಏರುವ ಹಂತಕ್ಕೆ ಹೋಗುವುದನ್ನು ಶೇ 4.7ರಷ್ಟು ಬೇಗ ಮಾಡುತ್ತದೆ. ಎರಡನೆಯದು, ಒಂದು ಸಲ ಬಂದದ್ದು ತಾನಾಗಿ ಇಳಿಯಿತೆಂದು ಔಷಧವನ್ನು ಮುಂದೂಡುವುದು. ಹೊರಗೆ ಲಕ್ಷಣ ಇಲ್ಲದಿದ್ದಾಗಲೂ ಒಳಗೆ ಹೊದಿಕೆ ಕೆರೆಯುತ್ತಲೇ ಇರಬಹುದು ಎಂದು ಎಂಆರ್‌ಐ ತೋರಿಸಿದೆ. 1993ರಲ್ಲಿ ಮೊದಲ ಇಂಟರ್‌ಫೆರಾನ್‌ಗೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು. ಅಲ್ಲಿಂದ ಈಚೆಗೆ ಬಂದ ಔಷಧಗಳಲ್ಲಿ ಕೆಲವು ಮರುಕಳಿಕೆಯನ್ನು ಬಹುಮಟ್ಟಿಗೆ ತಡೆಯುತ್ತವೆ, ಬೆಲೆ ಮಾತ್ರ ಕೈಗೆಟುಕದು. ಅದಕ್ಕೇ ರಿಟುಕ್ಸಿಮಾಬ್‌ನ ವಿಷಯ ನಮಗೆ ಮುಖ್ಯ. ಬೇರೆ ಕಾಯಿಲೆಗಳಿಗಾಗಿ ಬಂದ ಈ ಹಳೆಯ ಔಷಧವನ್ನು ಸ್ವೀಡನ್ನಿನ ವೈದ್ಯರು ಎಂಎಸ್‌ಗೆ ಧೈರ್ಯವಾಗಿ ಬಳಸಿದರು. 2022ರಲ್ಲಿ ಪ್ರಕಟವಾದ ಅಲ್ಲಿನ ಪ್ರಯೋಗದಲ್ಲಿ ಎರಡು ವರ್ಷದ ಅವಧಿಗೆ ರೋಗ ಮರುಕಳಿಸಿದ್ದು ರಿಟುಕ್ಸಿಮಾಬ್ ಪಡೆದವರಲ್ಲಿ ಶೇ 3 ಮಂದಿಗೆ, ಡೈಮೀಥೈಲ್ ಫ್ಯುಮರೇಟ್ ಮಾತ್ರೆ ಪಡೆದವರಲ್ಲಿ ಶೇ 16 ಮಂದಿಗೆ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಗಳ ಪಟ್ಟಿಗೆ ಎಂಎಸ್‌ಗಾಗಿ ಸೇರಿಸಿದ ಮೂರು ಔಷಧಗಳಲ್ಲಿ ಇದೂ ಒಂದು. ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ 2007ರಿಂದಲೇ ಇದರ ಅಗ್ಗದ ರೂಪವನ್ನು ತಯಾರಿಸುತ್ತಿದೆ.

ಇಂಥದೇ ಇನ್ನೊಂದು ‘ಬೇಡ’ ಮಾತ್ರ ಡಾಕ್ಟರರ ಕೈಯಲ್ಲಿಲ್ಲ. ಎಂಎಸ್ ಇರುವವರು ಕೆಲಸ ಮಾಡಲಾರರು ಎಂಬ ಅದನ್ನು ಪಾಲಿಸುತ್ತಿರುವುದು ಕಚೇರಿಗಳು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಗುರುತಿಸಿದ 21 ಅಂಗವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರಿದೆ. ಕೆಲಸದ ಜಾಗದಲ್ಲಿ ಅವರಿಗೆ ಬೇಕಾದ ಹೊಂದಾಣಿಕೆ ಮಾಡಿಕೊಡಬೇಕು ಎಂದೂ ಕಾಯಿದೆ ಹೇಳುತ್ತದೆ. ಸಂಶೋಧನೆ ಸೂಚಿಸುವ ಹೊಂದಾಣಿಕೆ ದುಬಾರಿಯದೇನಲ್ಲ: ಬೆಳಗಿನ ಪಾಳಿ, ತಂಪಾದ ಮೂಲೆ, ಶೌಚಾಲಯಕ್ಕೆ ಹತ್ತಿರದ ಮೇಜು, ಮಧ್ಯಾಹ್ನ ಇಪ್ಪತ್ತು ನಿಮಿಷದ ಬಿಡುವು. ಆದರೆ ಅದೇ ಕಾಯಿದೆಯ 34ನೆಯ ಸೆಕ್ಷನ್ ಸರ್ಕಾರಿ ಹುದ್ದೆಗಳಲ್ಲಿ ಶೇ 4 ಮೀಸಲಾತಿಯನ್ನು ಹಂಚುವಾಗ ಎಂಎಸ್ ಅನ್ನು ಹೆಸರಿಸುವುದಿಲ್ಲ. ಕೈಕಾಲಿನ ಊನ ಅಥವಾ ದೃಷ್ಟಿದೋಷ ನಿಗದಿತ ಪ್ರಮಾಣಕ್ಕೆ ಮುಟ್ಟಿದರೆ ಆ ದಾರಿಯಿಂದ ಒಳಬರಬಹುದು. ಹಗಲಿಡೀ ಕಾಡುವ ಆಯಾಸಕ್ಕೆ, ಶಾಖಕ್ಕೆ ಮಂಜಾಗುವ ಕಣ್ಣಿಗೆ ಆ ಲೆಕ್ಕದಲ್ಲಿ ಅಂಕವಿಲ್ಲ.